ಐಸಿಯುನಲ್ಲಿ ಔಷಧಿ ಯಾಕೆ ಸೋಲುತ್ತೆ? ನಮ್ಮ ಕೊಟ್ಟಿಗೆಗೂ ಅದಕ್ಕೂ ಏನು ಸಂಬಂಧ?



ಹತ್ತಿ ಬೆಳೆದವರಿಗೆ ಈ ಕಥೆ ಗೊತ್ತೇ ಇದೆ. 2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಕಾಟ ಮುಗೀತು ಅಂದುಕೊಂಡ್ವಿ. ಹತ್ತು ವರ್ಷ ತುಂಬೋದ್ರೊಳಗೆ ಗುಜರಾತ್‌ನಲ್ಲಿ ಗುಲಾಬಿ ಕಾಯಿಕೊರಕ ಅದೇ ಬಿಟಿ ಕಾಯಿಯೊಳಗೆ ಕೂತು ತಿನ್ನೋಕೆ ಶುರು ಮಾಡಿತ್ತು. ಆಮೇಲೆ ನಮ್ಮ ಕಡೆಗೂ ಬಂತು. ಹುಳಕ್ಕೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ವಿಷ ತಡೆದುಕೊಳ್ಳುವ ನಾಲ್ಕಾರು ಹುಳ ಮೊದಲೇ ಇದ್ದವು. ಉಳಿದವೆಲ್ಲ ಸತ್ತ ಮೇಲೆ ಹೊಲ ಪೂರ್ತಿ ಅವುಗಳದ್ದೇ ಆಯ್ತು.

ಇದೇ ಕಥೆ ಈಗ ದೊಡ್ಡ ದೊಡ್ಡ ಆಸ್ಪತ್ರೆಗಳ ಐಸಿಯುನಲ್ಲಿ ನಡೀತಾ ಇದೆ. ಅಲ್ಲಿ ಹುಳದ ಜಾಗದಲ್ಲಿ ಬ್ಯಾಕ್ಟೀರಿಯಾ ಇದೆ, ಕೀಟನಾಶಕದ ಜಾಗದಲ್ಲಿ ಆ್ಯಂಟಿಬಯೋಟಿಕ್ ಇದೆ. "ಆಪರೇಷನ್ ಚೆನ್ನಾಗೇ ಆಗಿತ್ತು, ಆಮೇಲೆ ಇನ್ಫೆಕ್ಷನ್ ಆಗಿ ಹೋಗ್ಬಿಟ್ರು" ಅನ್ನೋ ಮಾತನ್ನ ನೀವೂ ಯಾವುದಾದರೂ ಮನೆಯಲ್ಲಿ ಕೇಳಿರ್ತೀರಿ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಪ್ರಪಂಚದಾದ್ಯಂತ ಸುಮಾರು 12.7 ಲಕ್ಷ ಜನ ತೀರಿಕೊಂಡರು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತೆ.

"ಇದು ಡಾಕ್ಟರ್‌ಗಳ ವಿಷಯ, ನಮಗ್ಯಾಕೆ?" ಅನ್ನಬೇಡಿ. ಆ ಬ್ಯಾಕ್ಟೀರಿಯಾ ಔಷಧಿಯನ್ನು ಹೇಗೆ ಸೋಲಿಸುತ್ತೆ ಅಂತ ತಿಳಿದರೆ, ನಮ್ಮ ಕೊಟ್ಟಿಗೆ, ಕೋಳಿ ಫಾರಂಗಳಿಗೂ ಅದಕ್ಕೂ ಇರುವ ನಂಟು ತಾನಾಗೇ ಕಾಣಿಸುತ್ತೆ. ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಆಸ್ಪತ್ರೆಯಲ್ಲೇ ಅಂಟುವ ಸೋಂಕು

ರೋಗಿ ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ, ಬರುವಾಗ ಇಲ್ಲದಿದ್ದ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆ ಸೋಂಕು ಅಂತಾರೆ. ಮೂತ್ರಕ್ಕೆ ಹಾಕಿದ ಪೈಪ್, ಉಸಿರಾಟಕ್ಕೆ ಗಂಟಲಲ್ಲಿ ಇಳಿಸಿದ ವೆಂಟಿಲೇಟರ್ ನಳಿಕೆ, ರಕ್ತನಾಳಕ್ಕೆ ಹಾಕಿದ ಸೂಜಿ, ಆಪರೇಷನ್ ಗಾಯ, ಇವೇ ಬ್ಯಾಕ್ಟೀರಿಯಾ ಒಳಗೆ ನುಗ್ಗುವ ದಾರಿಗಳು.

ಇಲ್ಲಿ ಕಾಟ ಕೊಡೋ ಬ್ಯಾಕ್ಟೀರಿಯಾಗಳ ಹೆಸರು ಕೇಳಿರಿ: ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸುಡೊಮೊನಾಸ್, ಇ. ಕೋಲಿ, ಸ್ಟೆಫೈಲೋಕಾಕಸ್. ಇವುಗಳಲ್ಲಿ ಕೊನೆಯ ಎರಡು ನಿಮಗೆ ಹೊಸಬರಲ್ಲ. ಹಸುವಿನ ಕೆಚ್ಚಲು ಬಾವಿಗೂ ಇವೇ ಮುಖ್ಯ ಕಾರಣ. ಅಸಿನೆಟೊಬ್ಯಾಕ್ಟರ್ ಅಂತೂ ಒಣಗಿದ ಮಂಚದ ಕಂಬಿ, ಬಾಗಿಲ ಹಿಡಿಯ ಮೇಲೆ ವಾರಗಟ್ಟಲೆ ಬದುಕಿರುತ್ತೆ.

ಐಸಿಯು ಅಂದ್ರೆ ದಿನಾ ಒಂದಲ್ಲ ಒಂದು ಆ್ಯಂಟಿಬಯೋಟಿಕ್ ಬಳಕೆ ಆಗುವ ಜಾಗ. ದಿನಾ ಔಷಧಿ ಹೊಡೆಯುವ ಹೊಲದಲ್ಲಿ ಎಂಥ ಹುಳ ಉಳಿಯುತ್ತೋ, ಐಸಿಯುನಲ್ಲೂ ಅಂಥ ಬ್ಯಾಕ್ಟೀರಿಯಾವೇ ಉಳಿಯುತ್ತೆ. ಅದರ ವೇಗ ಮಾತ್ರ ಹುಳಕ್ಕಿಂತ ಎಷ್ಟೋ ಪಾಲು ಹೆಚ್ಚು. ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೆ ಒಂದು ಎರಡಾಗುತ್ತೆ. ಆ ಲೆಕ್ಕದಲ್ಲಿ 8 ಗಂಟೆಗೆ ಒಂದೇ ಬ್ಯಾಕ್ಟೀರಿಯಾದಿಂದ ಒಂದೂವರೆ ಕೋಟಿಗೂ ಹೆಚ್ಚು.

ಒಂದು ತಪ್ಪು ತಿಳುವಳಿಕೆ ಇಲ್ಲೇ ಸರಿ ಮಾಡ್ಕೊಳ್ಳೋಣ. "ನನ್ನ ಮೈಗೆ ಆ ಮಾತ್ರೆ ರೂಢಿ ಆಗ್ಬಿಟ್ಟಿದೆ" ಅಂತ ಹೇಳ್ತೀವಲ್ಲ, ಅದು ಹಾಗಲ್ಲ. ಮೈಗೆ ರೂಢಿ ಆಗೋದಿಲ್ಲ. ಮೈಯಲ್ಲಿರುವ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂತಾಗಿರುತ್ತೆ. ಹಾಗಾಗಿ ಒಮ್ಮೆಯೂ ಆ ಮಾತ್ರೆ ನುಂಗದ ಮಗುವಿಗೂ ಅಂಥ ಬ್ಯಾಕ್ಟೀರಿಯಾ ಅಂಟಬಹುದು.

ಬ್ಯಾಕ್ಟೀರಿಯಾದ ನಾಲ್ಕು ವಿದ್ಯೆಗಳು

1. ಔಷಧಿಯನ್ನೇ ಕತ್ತರಿಸಿ ಹಾಕೋದು

ಪೆನಿಸಿಲಿನ್ ಗುಂಪಿನ ಔಷಧಿಗಳಲ್ಲಿ ಒಂದು ಚಿಕ್ಕ ಉಂಗುರದಂಥ ರಚನೆ ಇರುತ್ತೆ. ಔಷಧಿಯ ಜೀವ ಇರೋದೇ ಅದರಲ್ಲಿ. ಕೆಲವು ಬ್ಯಾಕ್ಟೀರಿಯಾ ಬೀಟಾ ಲ್ಯಾಕ್ಟಮೇಸ್ ಅನ್ನೋ ಕಿಣ್ವ ತಯಾರಿಸಿ ಆ ಉಂಗುರವನ್ನು ಕತ್ತರಿಸುತ್ತವೆ. ಉಂಗುರ ತುಂಡಾದರೆ ಇಂಜೆಕ್ಷನ್ ಹಾಕಿದರೂ ಒಂದೇ, ನೀರು ಹಾಕಿದರೂ ಒಂದೇ. ಈ ಕತ್ತರಿ 1940ರಲ್ಲೇ ಪತ್ತೆಯಾಗಿತ್ತು. ಆಗಿನ್ನೂ ಪೆನಿಸಿಲಿನ್ ಜನರಿಗೆ ಸಿಗೋಕೆ ಶುರುವಾಗಿರಲಿಲ್ಲ!

ಮುಂದಿನ ಸಲ ಡಾಕ್ಟರ್ ನಿಮ್ಮ ಹಸುವಿಗೆ ಸೆಫ್ಟ್ರಿಯಾಕ್ಸೋನ್ ಮತ್ತು ಟಾಜೊಬ್ಯಾಕ್ಟಮ್ ಸೇರಿದ ಇಂಜೆಕ್ಷನ್ ಹಾಕಿದರೆ ವಯಲ್ ಮೇಲಿನ ಲೇಬಲ್ ನೋಡಿ. ಬ್ಯಾಕ್ಟೀರಿಯಾ ಕೊಲ್ಲೋದು ಮೊದಲನೇ ಹೆಸರಿನ ಔಷಧಿ. ಎರಡನೆಯದು ಆ ಕತ್ತರಿಯ ಬಾಯಿ ಕಟ್ಟೋಕೆ. ಅಂದ್ರೆ ಕತ್ತರಿ ಹಿಡಿದ ಬ್ಯಾಕ್ಟೀರಿಯಾ ಕೊಟ್ಟಿಗೆಗೂ ಬಂದಿದೆ ಅಂತಲೇ ಅರ್ಥ. ಅದೇ ಸೆಫ್ಟ್ರಿಯಾಕ್ಸೋನನ್ನು ಮನುಷ್ಯರ ಟೈಫಾಯಿಡ್, ನ್ಯುಮೋನಿಯಾಕ್ಕೂ ಕೊಡ್ತಾರೆ ಅನ್ನೋದು ನೆನಪಿರಲಿ.

ಇದಕ್ಕಿಂತ ಜೋರಾದ ಕತ್ತರಿಗಳೂ ಹುಟ್ಟಿಕೊಂಡವು. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ಒಬ್ಬ ರೋಗಿಯಲ್ಲಿ 2008ರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ, ಕಾರ್ಬಪೆನೆಮ್ ಅನ್ನೋ ಭಾರೀ ಔಷಧಿಯನ್ನೂ ಕತ್ತರಿಸುತ್ತಿತ್ತು. ಆ ಕಿಣ್ವಕ್ಕೆ ಎನ್‌ಡಿಎಂ-1 ಅಂತ ಹೆಸರಿಟ್ಟರು. ಎನ್‌ಡಿ ಅಂದ್ರೆ ನ್ಯೂ ಡೆಲ್ಲಿ. ಆ ಹೆಸರಿಗೆ ನಮ್ಮ ದೇಶದಲ್ಲಿ ವಿರೋಧ ಬಂತು. ಹೆಸರು ಏನೇ ಇರಲಿ, ಐಸಿಯು ಡಾಕ್ಟರ್‌ಗಳ ಕೈಯಿಂದ ಒಂದು ದೊಡ್ಡ ಆಯುಧ ಜಾರಿದ್ದಂತೂ ನಿಜ.

2. ಬಾಗಿಲು ಮುಚ್ಚಿಕೊಳ್ಳೋದು

ಕ್ಲೆಬ್ಸಿಯೆಲ್ಲಾ, ಸುಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳಿಗೆ ಹೊರಗಡೆ ಇನ್ನೊಂದು ಪೊರೆ ಇರುತ್ತೆ. ಆ ಪೊರೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಆಹಾರ ಒಳಗೆ ಹೋಗೋದೂ ಅಲ್ಲಿಂದಲೇ, ಎಷ್ಟೋ ಔಷಧಿ ಒಳಗೆ ಹೋಗೋದೂ ಅಲ್ಲಿಂದಲೇ. ಕೆಲವು ಬ್ಯಾಕ್ಟೀರಿಯಾ ಈ ತೂತುಗಳನ್ನೇ ಕಡಿಮೆ ಮಾಡಿಕೊಳ್ಳುತ್ತವೆ. ಆಹಾರ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ಔಷಧಿ ಒಳಗೆ ಬರಬಾರದು, ಅಷ್ಟೇ.

3. ಪಂಪ್ ಹಾಕಿ ಹೊರಗೆ ಎಸೆಯೋದು

ಬಾವಿಗೆ ನೀರು ಜಿನುಗುತ್ತಿದ್ದರೂ ಮೋಟಾರ್ ಓಡಿಸ್ತಾ ಇದ್ರೆ ನೀರು ನಿಲ್ಲುತ್ತಾ? ಇಲ್ಲ. ಬ್ಯಾಕ್ಟೀರಿಯಾದ ಪೊರೆಯಲ್ಲೂ ಅಂಥ ಪಂಪ್‌ಗಳಿವೆ. ಒಳಗೆ ಬಂದ ಔಷಧಿಯನ್ನು ಅದು ಕೆಲಸ ಶುರು ಮಾಡೋದ್ರೊಳಗೆ ಹೊರಗೆ ತಳ್ಳುತ್ತವೆ. ಟೆಟ್ರಾಸೈಕ್ಲಿನ್ ಸೋಲುವುದು ಬಹಳ ಸಲ ಹೀಗೇ. ಸುಡೊಮೊನಾಸ್, ಅಸಿನೆಟೊಬ್ಯಾಕ್ಟರ್‌ಗಳ ಪಂಪ್ ಇನ್ನೂ ಕಿಲಾಡಿ. ಒಂದೇ ಪಂಪ್ ಬೇರೆ ಬೇರೆ ಜಾತಿಯ ಮೂರು ನಾಲ್ಕು ಔಷಧಿಗಳನ್ನು ಹೊರಗೆ ಹಾಕುತ್ತೆ.

4. ಬೀಗ ಬದಲಾಯಿಸೋದು

ಆ್ಯಂಟಿಬಯೋಟಿಕ್ ಅನ್ನೋದು ಕೀಲಿಕೈ ಇದ್ದ ಹಾಗೆ. ಬ್ಯಾಕ್ಟೀರಿಯಾದ ಯಾವುದೋ ಒಂದು ಭಾಗಕ್ಕೆ ಸರಿಯಾಗಿ ಕೂತರೆ ಮಾತ್ರ ಕೆಲಸ. ಬ್ಯಾಕ್ಟೀರಿಯಾ ಆ ಭಾಗವನ್ನೇ ಬದಲಾಯಿಸಿಬಿಟ್ಟರೆ ಕೀಲಿ ಕೂರಲ್ಲ. ಪೆನಿಸಿಲಿನ್‌ಗೆ ಜಗ್ಗದ ಸ್ಟೆಫೈಲೋಕಾಕಸ್‌ಗೆ ಅಂತ 1959ರಲ್ಲಿ ಮೆಥಿಸಿಲಿನ್ ಬಂತು. 1961ರಷ್ಟೊತ್ತಿಗೆ ಇಂಗ್ಲೆಂಡಿನಲ್ಲಿ ಅದಕ್ಕೂ ಜಗ್ಗದ ತಳಿ ಸಿಕ್ಕಿತ್ತು. ಅದೇ ಇವತ್ತು ಎಲ್ಲ ಆಸ್ಪತ್ರೆಗಳೂ ಹೆದರೋ ಎಂಆರ್‌ಎಸ್‌ಎ.

ಇದರ ಜೊತೆಗೆ ಇನ್ನೊಂದು ರಕ್ಷಣೆ ಇದೆ. ಡ್ರಿಪ್ ಪೈಪ್ ಬಿಚ್ಚಿ ನೋಡಿದಾಗ ಒಳಗೆ ಲೋಳೆ ಕಟ್ಟಿರುತ್ತಲ್ಲ, ರೋಗಿಯ ಮೂತ್ರದ ಪೈಪ್ ಒಳಗೂ ಬ್ಯಾಕ್ಟೀರಿಯಾ ಅಂಥದ್ದೇ ಲೋಳೆ ಪದರ ಕಟ್ಟಿಕೊಂಡು ಕೂರುತ್ತೆ. ಅದರೊಳಗಿನ ಬ್ಯಾಕ್ಟೀರಿಯಾ ಸಾಯೋದು ಬಲು ಕಷ್ಟ. ಪೈಪ್ ತೆಗೆಯದೆ ಬರೀ ಇಂಜೆಕ್ಷನ್ ಹಾಕಿದರೆ ಸೋಂಕು ಮತ್ತೆ ಮತ್ತೆ ಮರಳುವುದು ಇದಕ್ಕೇ.

ವಾಟ್ಸಾಪ್ ಫಾರ್ವರ್ಡ್ ತರಹ ಹಂಚಿಕೆ

ಗುಲಾಬಿ ಕಾಯಿಕೊರಕ ತನ್ನ ಗುಣವನ್ನು ತನ್ನ ಮರಿಗಳಿಗೆ ಮಾತ್ರ ಕೊಡೋಕೆ ಸಾಧ್ಯ. ಪಕ್ಕದಲ್ಲಿರುವ ಬೇರೆ ಜಾತಿಯ ಹುಳಕ್ಕೆ ಕೊಡೋಕಾಗಲ್ಲ. ಬ್ಯಾಕ್ಟೀರಿಯಾಗೆ ಆ ಕಟ್ಟುಪಾಡಿಲ್ಲ.

ಅದರ ಹತ್ತಿರ ಪ್ಲಾಸ್ಮಿಡ್ ಅನ್ನೋ ಡಿಎನ್‌ಎಯ ಚಿಕ್ಕ ಉಂಗುರ ಇರುತ್ತೆ. ಕತ್ತರಿ ಮಾಡೋದು ಹೇಗೆ, ಪಂಪ್ ಕಟ್ಟೋದು ಹೇಗೆ ಅನ್ನೋ ವಿದ್ಯೆ ಬರೆದಿಟ್ಟ ಚೀಟಿ ಅದು ಅಂದುಕೊಳ್ಳಿ. ಎರಡು ಬ್ಯಾಕ್ಟೀರಿಯಾ ಅಂಟಿಕೊಂಡಾಗ ಒಂದು ಆ ಚೀಟಿಯ ನಕಲನ್ನು ಇನ್ನೊಂದಕ್ಕೆ ದಾಟಿಸುತ್ತೆ. ನಾವು ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದ ಹಾಗೆ. ಕಳಿಸಿದವರ ಹತ್ತಿರವೂ ಇರುತ್ತೆ, ಪಡೆದವರ ಹತ್ತಿರವೂ ಇರುತ್ತೆ. ಪಡೆಯುವುದು ಅದೇ ಜಾತಿಯ ಬ್ಯಾಕ್ಟೀರಿಯಾನೇ ಆಗಬೇಕಂತಿಲ್ಲ. ಇ. ಕೋಲಿಯಿಂದ ಕ್ಲೆಬ್ಸಿಯೆಲ್ಲಾಗೆ ಹೋಗಬಹುದು. ಹಸುವಿನ ಕರುಳಲ್ಲಿ, ಸಗಣಿ ಗುಂಡಿಯಲ್ಲಿ, ಚರಂಡಿಯಲ್ಲಿ, ಮನುಷ್ಯನ ಹೊಟ್ಟೆಯಲ್ಲಿ, ಎಲ್ಲೇ ಆದರೂ ನಡೆಯಬಹುದು.

ಇನ್ನೊಂದು ಮುಖ್ಯ ಸಂಗತಿ. ಒಂದೇ ಚೀಟಿಯಲ್ಲಿ ನಾಲ್ಕೈದು ಔಷಧಿಗಳನ್ನು ಸೋಲಿಸುವ ವಿದ್ಯೆ ಒಟ್ಟಿಗೆ ಇರಬಹುದು. ಆಗ ನೀವು ಕೋಳಿಗೆ ಬರೀ ಟೆಟ್ರಾಸೈಕ್ಲಿನ್ ಕೊಟ್ಟರೂ ಆ ಚೀಟಿ ಇರುವ ಬ್ಯಾಕ್ಟೀರಿಯಾ ಉಳಿಯುತ್ತೆ. ಅದರ ಜೊತೆಗೆ, ನೀವು ಮುಟ್ಟೇ ಇರದ ಆಸ್ಪತ್ರೆ ಔಷಧಿಯನ್ನು ಸೋಲಿಸುವ ವಿದ್ಯೆಯೂ ಉಳಿಯುತ್ತೆ. "ನಾನು ಕೊಡೋದು ಹಳೇ ಮಾಮೂಲಿ ಔಷಧಿ, ಅದರಿಂದೇನಾಗುತ್ತೆ?" ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತೆ.

ಕೊಲಿಸ್ಟಿನ್ ಹೇಳುವ ಪಾಠ

ಕೊಲಿಸ್ಟಿನ್ 1950ರ ದಶಕದ ಹಳೇ ಔಷಧಿ. ಕಿಡ್ನಿಗೆ ತೊಂದರೆ ಕೊಡುತ್ತೆ ಅಂತ ಡಾಕ್ಟರ್‌ಗಳು ಅದನ್ನು ಬಹುಮಟ್ಟಿಗೆ ಪಕ್ಕಕ್ಕಿಟ್ಟಿದ್ದರು. ಆಮೇಲೆ ಉಳಿದ ಔಷಧಿಗಳು ಒಂದೊಂದಾಗಿ ಸೋಲುತ್ತಾ ಬಂದಾಗ ಕಿಡ್ನಿಯ ಅಪಾಯ ಗೊತ್ತಿದ್ದೂ ಅದನ್ನೇ ಮತ್ತೆ ಕೈಗೆತ್ತಿಕೊಂಡರು. ಕಾರ್ಬಪೆನೆಮ್‌ಗೂ ಜಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗೆ ಐಸಿಯುನಲ್ಲಿ ಉಳಿದಿದ್ದ ಕೊನೆಯ ಕೆಲವೇ ಬಾಣಗಳಲ್ಲಿ ಅದೂ ಒಂದು.

ಅದೇ ಹೊತ್ತಿಗೆ ಪ್ರಪಂಚದ ಬಹಳ ಕಡೆ, ನಮ್ಮ ದೇಶದಲ್ಲೂ ಸೇರಿ, ಅದೇ ಕೊಲಿಸ್ಟಿನ್ ಕೋಳಿ ಮತ್ತು ಹಂದಿಗಳ ಫೀಡ್‌ಗೆ ಬೀಳ್ತಾ ಇತ್ತು. ಕಾಯಿಲೆಗಲ್ಲ, ಬೇಗ ತೂಕ ಬರಲಿ ಅಂತ.

2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಒಂದು ಸುದ್ದಿ ಹೊರಗೆ ಹಾಕಿದರು. ಹಂದಿಯಿಂದ ತೆಗೆದ ಇ. ಕೋಲಿಯಲ್ಲಿ ಕೊಲಿಸ್ಟಿನ್ ಸೋಲಿಸುವ ಎಂಸಿಆರ್-1 ಅನ್ನೋ ಜೀನ್ ಪ್ಲಾಸ್ಮಿಡ್ ಮೇಲೆ ಸಿಕ್ಕಿತ್ತು. ಅದು ಮಾಡೋದು ನಾಲ್ಕನೇ ವಿದ್ಯೆ, ಬೀಗ ಬದಲಾವಣೆ. ಕೊಲಿಸ್ಟಿನ್‌ಗೆ ಧನ ವಿದ್ಯುತ್ ಗುಣ, ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ ಗುಣ. ಆದ್ದರಿಂದ ಔಷಧಿ ಹೋಗಿ ಅಲ್ಲಿ ಅಂಟಿಕೊಂಡು ಪೊರೆ ಹರಿಯುತ್ತೆ. ಎಂಸಿಆರ್-1 ಆ ಪೊರೆಯ ಋಣ ಗುಣವನ್ನೇ ಕಡಿಮೆ ಮಾಡುತ್ತೆ. ಔಷಧಿ ಅಂಟೋದೇ ಇಲ್ಲ.

ಅವರು ಕೊಟ್ಟ ಲೆಕ್ಕ ನೋಡಿ:

- ಪ್ರಾಣಿಗಳ 804 ಮಾದರಿಗಳಲ್ಲಿ 166ರಲ್ಲಿ ಈ ಜೀನ್ ಇದ್ದ ಇ. ಕೋಲಿ
- ಹಸಿ ಮಾಂಸದ 523 ಮಾದರಿಗಳಲ್ಲಿ 78ರಲ್ಲಿ
- ಆಸ್ಪತ್ರೆಯಲ್ಲಿ ದಾಖಲಾದ ಸೋಂಕಿನ 1,322 ರೋಗಿಗಳಲ್ಲಿ 16 ಜನರಲ್ಲಿ

ಪ್ರಾಣಿಗಳಲ್ಲಿ ಹೆಚ್ಚು, ರೋಗಿಗಳಲ್ಲಿ ಕಡಿಮೆ. ಫಾರಂನಲ್ಲಿ ಬೆಳೆದು ಮನುಷ್ಯರ ಕಡೆ ಬರ್ತಾ ಇರೋ ಲಕ್ಷಣ ಇದು ಅಂತ ಅವರು ಹೇಳಿದರು. ಆಮೇಲೆ ಒಂದರ ಹಿಂದೆ ಒಂದು ದೇಶದಲ್ಲಿ ಅದೇ ಜೀನ್ ಸಿಕ್ತು.

ಚೀನಾ 2017ರಲ್ಲಿ ಬೆಳವಣಿಗೆಗಾಗಿ ಫೀಡ್‌ಗೆ ಕೊಲಿಸ್ಟಿನ್ ಹಾಕುವುದನ್ನು ನಿಲ್ಲಿಸಿತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು ಸಾಕಣೆ ಮತ್ತು ಫೀಡ್‌ಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ, ಹಂಚಿಕೆಯನ್ನು ನಿಷೇಧಿಸಿತು. ಸಂತೋಷದ ವಿಷಯ ಏನಂದ್ರೆ, ಫೀಡ್‌ನಿಂದ ತೆಗೆದ ಮೇಲೆ ಚೀನಾದಲ್ಲಿ ಪ್ರಾಣಿಗಳಲ್ಲೂ ಜನರಲ್ಲೂ ಆ ಜೀನ್ ಇರುವ ಬ್ಯಾಕ್ಟೀರಿಯಾ ಗಣನೀಯವಾಗಿ ಇಳಿಯಿತು. ಅಂದ್ರೆ ಫಾರಂನಲ್ಲಿ ಕೈ ಬಿಗಿ ಹಿಡಿದರೆ ಫಲ ಖಂಡಿತ ಕಾಣುತ್ತೆ.

ಒಂದು ಮಾತು ನೇರವಾಗಿ ಹೇಳಬೇಕು. ಆಸ್ಪತ್ರೆಯ ಸಮಸ್ಯೆಯನ್ನೆಲ್ಲ ರೈತನ ತಲೆಗೆ ಕಟ್ಟೋದು ಸರಿಯಲ್ಲ. ಐಸಿಯು ಬ್ಯಾಕ್ಟೀರಿಯಾದ ಬಹುಪಾಲು ಪ್ರತಿರೋಧ ಮನುಷ್ಯರಿಗೆ ಕೊಟ್ಟ ಔಷಧಿಯಿಂದಲೇ ಬಂದದ್ದು. ನೆಗಡಿಗೂ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಂಡ ಮಾತ್ರೆ, ಆಸ್ಪತ್ರೆಯಲ್ಲಿ ಕೈ ತೊಳೆಯದೆ ಒಬ್ಬ ರೋಗಿಯಿಂದ ಇನ್ನೊಬ್ಬರನ್ನು ಮುಟ್ಟಿದ್ದು, ಎಲ್ಲವೂ ಸೇರಿದೆ. ಆದರೆ ನಮ್ಮ ಪಾಲು ಸೊನ್ನೆ ಅಲ್ಲ. ನಮ್ಮ ಕೈಯಲ್ಲಿರೋದೂ ಆ ಪಾಲೇ.

ಕೊಟ್ಟಿಗೆ ಮತ್ತು ಫಾರಂನಲ್ಲಿ ಏನು ಮಾಡೋದು?

ಕೆಚ್ಚಲು ಬಾವು ಬರದ ಹಾಗೆ ನೋಡಿಕೊಳ್ಳಿ. ಬಾರದ ಕಾಯಿಲೆಗೆ ಆ್ಯಂಟಿಬಯೋಟಿಕ್ ಬೇಕಿಲ್ಲ. ಕರೆಯುವ ಮುಂಚೆ ಕೈ, ಕೆಚ್ಚಲು ತೊಳೆದು ಒರೆಸಿ. ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಹಾಲು ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದ ಹಾಗೆ ಮುಂದೆ ಮೇವು ಹಾಕಿ. ಅಷ್ಟೊತ್ತಿಗೆ ತೊಟ್ಟಿನ ತೂತು ಮುಚ್ಚಿಕೊಳ್ಳುತ್ತೆ.

ಇಂಜೆಕ್ಷನ್ ನೀವೇ ಹಾಕಬೇಡಿ. "ಹೋದ ಸಲ ಇದೇ ಹಾಕಿದ್ರು" ಅಂತ ಅಂಗಡಿಯಿಂದ ತಂದು ಎರಡು ದಿನ ಹಾಕಿ ಬಿಡೋದು ಎಲ್ಲಕ್ಕಿಂತ ಕೆಟ್ಟದ್ದು. ಅರೆಬರೆ ಪ್ರಮಾಣದಲ್ಲಿ ಬಲಹೀನ ಬ್ಯಾಕ್ಟೀರಿಯಾ ಸಾಯುತ್ತೆ, ಬಲಶಾಲಿ ಉಳಿಯುತ್ತೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಡಾಕ್ಟರ್ ಹೇಳಿದ ಪ್ರಮಾಣ, ಹೇಳಿದಷ್ಟು ದಿನ ಕೊಡಿಸಿ.

ಪದೇ ಪದೇ ಬಾವು ಬಂದರೆ ಹಾಲು ಪರೀಕ್ಷೆ ಮಾಡಿಸಿ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಸಾಯುತ್ತೆ ಅಂತ ಪ್ರಯೋಗಾಲಯದಲ್ಲಿ ನೋಡೋಕಾಗುತ್ತೆ. ಎಲ್ಲಿ ಮಾಡ್ತಾರೆ ಅಂತ ನಿಮ್ಮ ಪಶುವೈದ್ಯರನ್ನೇ ಕೇಳಿ. ಸುಮ್ಮನೆ ಔಷಧಿ ಬದಲಾಯಿಸ್ತಾ ಹೋಗೋದಕ್ಕಿಂತ ಖರ್ಚೂ ಕಡಿಮೆ.

ವೈರಸ್ ಕಾಯಿಲೆಗೆ ಆ್ಯಂಟಿಬಯೋಟಿಕ್ ಮದ್ದಲ್ಲ. ಕಾಲುಬಾಯಿ ರೋಗ, ಚರ್ಮಗಂಟು ರೋಗ ವೈರಸ್‌ನಿಂದ ಬರುವಂಥವು. ಅದರ ಮೇಲೆ ಬ್ಯಾಕ್ಟೀರಿಯಾ ಸೋಂಕು ಸೇರಿದ್ದರೆ ಮಾತ್ರ ಡಾಕ್ಟರ್ ಆ್ಯಂಟಿಬಯೋಟಿಕ್ ಕೊಡ್ತಾರೆ. ಇವಕ್ಕೆ ನಿಜವಾದ ಕಾವಲು ಲಸಿಕೆ.

ಹಾಲು, ಮೊಟ್ಟೆ, ಮಾಂಸಕ್ಕೆ ಕಾಯುವ ಅವಧಿ ಪಾಲಿಸಿ. ಔಷಧಿ ನಿಲ್ಲಿಸಿದ ಮೇಲೆ ಎಷ್ಟು ದಿನ ಮಾರಬಾರದು ಅಂತ ಲೇಬಲ್ ಮೇಲೆ ಇರುತ್ತೆ. ಆ ಔಷಧಿಗೆ ಪ್ರತ್ಯೇಕ ಅವಧಿ ಗೊತ್ತುಪಡಿಸಿಲ್ಲದಿದ್ದರೆ ನಮ್ಮ ದೇಶದ ನಿಯಮದ ಪ್ರಕಾರ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಮತ್ತು ಜಾನುವಾರು ಮಾಂಸಕ್ಕೆ 28 ದಿನ. "ಕಾಯಿಸಿದ್ರೆ ಹೋಗುತ್ತೆ" ಅನ್ನೋದನ್ನ ನಂಬಬೇಡಿ, ಕಾಯಿಸಿದರೆ ಬಹಳಷ್ಟು ಔಷಧಿ ಹೋಗಲ್ಲ. ಔಷಧಿ ಬೆರೆತ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದೇ ಹೋಗಬಹುದು. ಮೊಸರು ಮಾಡೋದೂ ಬ್ಯಾಕ್ಟೀರಿಯಾವೇ ಅಲ್ವಾ?

ಆ ಹಾಲನ್ನು ಕರುವಿಗೂ ಕುಡಿಸಬೇಡಿ. ಕರುವಿನ ಕರುಳಲ್ಲಿ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯೋಕೆ ಅದೇ ದಾರಿ.

ಫೀಡ್ ಚೀಲದ ಲೇಬಲ್ ಓದಿ. ಬೇಗ ತೂಕ ಬರಿಸುವ ಪುಡಿ, ದ್ರಾವಣ ಅಂತ ಯಾರಾದರೂ ಕೊಟ್ಟರೆ ಒಳಗೇನಿದೆ ಅಂತ ಕೇಳಿ. ಫೋನ್‌ನಲ್ಲಿ ಲೇಬಲ್ ಫೋಟೋ ತೆಗೆದು ಪಶುವೈದ್ಯರಿಗೆ ಕಳಿಸಿ. ಯಾವ ಹಸುವಿಗೆ ಯಾವ ದಿನ ಏನು ಕೊಟ್ಟಿರಿ ಅಂತಲೂ ಫೋನ್‌ನಲ್ಲೇ ಬರೆದಿಡಿ.

ಬೆಳೆಗೆ ಹೊಡೆಯುವ ಆ್ಯಂಟಿಬಯೋಟಿಕ್ ಮರೆಯಬೇಡಿ. ದಾಳಿಂಬೆಯ ದುಂಡಾಣು ಅಂಗಮಾರಿಗೆ ಹೊಡೆಯೋ ಸ್ಟ್ರೆಪ್ಟೊಸೈಕ್ಲಿನ್ ಅಂದ್ರೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೊಮೈಸಿನ್ ಕ್ಷಯ ರೋಗಕ್ಕೆ ಕೊಡೋ ಔಷಧಿ. "ಇರಲಿ ಒಂದು" ಅಂತ ಪ್ರತಿ ಸಿಂಪರಣೆಗೂ ಬೆರೆಸೋ ಅಭ್ಯಾಸ ಬಿಡಿ. ರೋಗ ತಗುಲಿದ ಕೊಂಬೆ ಕತ್ತರಿಸಿ ಸುಡೋದು, ಕತ್ತರಿ ಶುದ್ಧ ಮಾಡಿಕೊಳ್ಳೋದು, ರೋಗವಿಲ್ಲದ ಸಸಿ ನೆಡೋದು ಮೊದಲು.

ಸಗಣಿ, ಕೋಳಿ ಗೊಬ್ಬರ ಚೆನ್ನಾಗಿ ಕಳಿಯಲಿ. ಹಸಿ ಗೊಬ್ಬರವನ್ನು ತರಕಾರಿಗೆ ಹಾಕಬೇಡಿ. ಉಳಿದ ಔಷಧಿ, ವಯಲ್‌ಗಳನ್ನು ಕೆರೆ, ಕಾಲುವೆಗೆ ಎಸೆಯಬೇಡಿ.

ಆಸ್ಪತ್ರೆಗೆ ಹೋದಾಗ

- ರೋಗಿಯನ್ನು ಮುಟ್ಟುವ ಮುಂಚೆ ಮತ್ತು ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಂಚದ ಮೇಲೆ ಕೂರಬೇಡಿ. ಊರಿಗೂರೇ ನೋಡೋಕೆ ಹೋಗಬೇಡಿ.
- "ಈ ಪೈಪ್ ಇನ್ನೂ ಬೇಕಾ ಡಾಕ್ಟ್ರೇ?" ಅಂತ ದಿನಾ ವಿನಯದಿಂದ ಕೇಳಿ. ಒಂದು ದಿನ ಮುಂಚೆ ತೆಗೆದರೂ ಲಾಭವೇ.
- "ಪವರ್ ಜಾಸ್ತಿ ಇರೋದು ಕೊಡಿ" ಅಂತ ಒತ್ತಾಯ ಮಾಡಬೇಡಿ. ಯಾವ ಔಷಧಿಗೆ ಸಾಯುತ್ತೆ ಅಂತ ಪರೀಕ್ಷೆಗೆ ಕಳಿಸಿದ್ದೀರಾ ಅಂತ ಕೇಳಬಹುದು.
- ಕೋಳಿ, ಹಂದಿ, ಹಸು ಸಾಕುವವರಾಗಿದ್ದರೆ ದಾಖಲಾಗುವಾಗಲೇ ಹೇಳಿ. ನೆದರ್‌ಲ್ಯಾಂಡ್ಸ್‌ನಲ್ಲಿ ಹಂದಿ ಸಾಕುವ ರೈತರು ಆಸ್ಪತ್ರೆಗೆ ಸೇರಿದರೆ ಮೊದಲು ಮೂಗಿನ ಮಾದರಿ ತೆಗೆದು ಎಂಆರ್‌ಎಸ್‌ಎ ಇದೆಯಾ ಅಂತ ನೋಡ್ತಾರೆ. ಫಾರಂನಿಂದ ಅದು ರೈತರಿಗೂ ಅಂಟುತ್ತೆ ಅಂತ ಗೊತ್ತಾದ ಮೇಲೆ ತಂದ ಪದ್ಧತಿ ಇದು. ಅದೇ ದೇಶ 2009ರಿಂದ ಹತ್ತು ವರ್ಷದೊಳಗೆ ಜಾನುವಾರುಗಳ ಆ್ಯಂಟಿಬಯೋಟಿಕ್ ಬಳಕೆಯನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿತು. ಹೈನುಗಾರಿಕೆ ಅಲ್ಲಿ ಇವತ್ತಿಗೂ ಜೋರಾಗೇ ಇದೆ.

ಗುಲಾಬಿ ಕಾಯಿಕೊರಕ ಬಂದಾಗ ನಾವು ಬೆಳೆ ಬದಲಾಯಿಸಿ ನೋಡಿದ್ವಿ, ಬಿತ್ತನೆ ಹೊತ್ತು ಬದಲಾಯಿಸಿದ್ವಿ, ಮೋಹಕ ಬಲೆ ಕಟ್ಟಿದ್ವಿ. ಅಲ್ಲಿ ನಷ್ಟ ಆಗಿದ್ದು ಒಂದು ಬೆಳೆ. ಐಸಿಯುನಲ್ಲಿ ಕೊನೆಯ ಔಷಧಿ ಸೋತರೆ ಬದಲಾಯಿಸೋಕೆ ಏನೂ ಉಳಿದಿರಲ್ಲ. ಮಲಗಿರೋದು ನಮ್ಮ ಅಪ್ಪನೋ ಅಮ್ಮನೋ ಆಗಿರಬಹುದು. ಕೊಟ್ಟಿಗೆಯಲ್ಲಿ ಇವತ್ತು ಸುಮ್ಮನೆ ಹಾಕದೆ ಉಳಿಸಿದ ಒಂದು ಇಂಜೆಕ್ಷನ್, ಮುಂದೊಂದು ದಿನ ಅಲ್ಲಿ ಕೆಲಸಕ್ಕೆ ಬರುತ್ತೆ.

ಈ ಮಾತನ್ನು ನಿಮ್ಮ ಡೇರಿ ಗ್ರೂಪ್‌ಗೂ ಕಳಿಸಿ. ಬ್ಯಾಕ್ಟೀರಿಯಾಗಳೇ ಅಷ್ಟು ಬೇಗ ಫಾರ್ವರ್ಡ್ ಮಾಡುವಾಗ ನಾವು ಹಿಂದೆ ಬೀಳೋದು ಬೇಡ. ಮುಂದಿನ ವಾರ ಮತ್ತೆ ಸಿಗೋಣ.